ಮೌನವನ್ನು ನಂಬದ ತಂತಿಯಕ್ಕ

ಒಂದಾನೊಂದು ಕಾಲದಲ್ಲಿ ಒಬ್ಬ ಪುಟ್ಟ ಹುಡುಗಿಯಿದ್ದಳು. ಅವಳ ಬೆನ್ನೊಳಗೆ ಒಂದು ದಾರವಿತ್ತು. ಹುಡುಗಿ ಎತ್ತರವಾದಷ್ಟೂ ಆ ದಾರ ಅವಳ ಬೆನ್ನುಹುರಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಅಜ್ಜಿ ಕಥೆಯಂತೆ ಕೇಳಿಸಿದರೂ ಇದು ಕಥೆಯಲ್ಲ. ಹುಡುಗಿಗೆ ಏಳು ವರ್ಷ. ಇವತ್ತು ಬೆಳಿಗ್ಗೆ ಆ ದಾರ ಕತ್ತರಿಸುವ ಆಪರೇಷನ್.

ಈಗಿನ್ನೂ ಐದೂವರೆ. ಆಪರೇಷನ್ ಥಿಯೇಟರಿನ ಮೂಲೆಯ ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು ಬಣ್ಣಬಣ್ಣದ ತಂತಿಗಳ ಸಿಕ್ಕು ಬಿಡಿಸುತ್ತಿದ್ದಾರೆ. ಆಸ್ಪತ್ರೆಗೆಲ್ಲ ಇವರು ತಂತಿಯಕ್ಕ. ಮಗು ಅರಿವಳಿಕೆಯಲ್ಲಿ ಮಲಗಿದ ಮೇಲೆ ಕಾಲಿನ ಸ್ನಾಯುಗಳಿಗೂ ಮಲಮೂತ್ರ ತಡೆಯುವ ಸ್ನಾಯುಗಳಿಗೂ ಹದಿನೆಂಟು ತೆಳು ಸೂಜಿ ಚುಚ್ಚಿ, ನರಗಳ ಮಾತನ್ನು ಪರದೆಯ ಮೇಲೆ ಓದುವುದು ಇವರ ಕೆಲಸ. ಹದಿನಾಲ್ಕು ವರ್ಷವಾಯಿತು. ಯಾವ ಮಗುವಿನ ಕಾಗದದಲ್ಲೂ ಇವರ ಹೆಸರಿಲ್ಲ. "ಇದ್ದಿದ್ರೆ ಟಿವಿ ಕೇಬಲ್ ಸರಿ ಮಾಡೋಕೂ ಕರೀತಿದ್ರು ಬಿಡಿ" ಎನ್ನುತ್ತಾರೆ.

ಹುಡುಗಿಯ ಕಾಯಿಲೆ ಪತ್ತೆಯಾಗಲು ಎರಡು ವರ್ಷ ಹಿಡಿಯಿತು. ಹಾಸಿಗೆ ಒದ್ದೆಯಾದರೆ ಸೋಮಾರಿ ಎಂಬ ಬೈಗುಳ, ಎಡವಿದರೆ ನೆಲ ನೋಡಿ ನಡಿ ಎಂಬ ಗದರಿಕೆ. ಕೊನೆಗೆ ಸೊಂಟದ ಮೇಲಿನ ಕೂದಲ ಕುಚ್ಚು ಕಂಡ ಮಕ್ಕಳ ಡಾಕ್ಟರು, ಇದು ಬೆನ್ನುಹುರಿಯ ದೋಷದ ಗುರುತಿರಬಹುದೆಂದು ಎಂಆರ್‌ಐ ಮಾಡಿಸಿದರು. "ನಾನೇ ಹೊಡೆದಿದ್ದೀನಿ ಅಕ್ಕಾ" ಎಂದು ತಾಯಿ ನಿನ್ನೆ ವಾರ್ಡಿನಲ್ಲಿ ಸಂಕಟಪಟ್ಟಾಗ ತಂತಿಯಕ್ಕ ಸಮಾಧಾನ ಹೇಳಲು ಹೋಗಲಿಲ್ಲ. ಒಂದು ಮಾತು ಕೊಟ್ಟರು.

"ಅದು ಬರೀ ದಾರ ಅಂತ ನನಗೆ ಖಾತ್ರಿ ಆಗೋವರೆಗೂ ಕತ್ತರಿ ಹಾಕೋಕೆ ಬಿಡಲ್ಲಮ್ಮ."

ಒಂಬತ್ತು ಗಂಟೆ. ಸೂಕ್ಷ್ಮದರ್ಶಕದಡಿ ದಾರ ಕಾಣುತ್ತಿದೆ, ಬಿಗಿದ ತಂಬೂರಿ ತಂತಿಯ ಹಾಗೆ. ಸರ್ಜನ್ ಸಣ್ಣ ವಿದ್ಯುತ್ ಕಡ್ಡಿಯನ್ನು ಅದಕ್ಕೆ ತಾಗಿಸುತ್ತಾರೆ. ನರವಾಗಿದ್ದರೆ ಪರದೆಯಲ್ಲಿ ಅಲೆ ಏಳಬೇಕು. ಗೆರೆ ನೆಟ್ಟಗೆ ಮಲಗಿದೆ. ಸರ್ಜನ್ ಕತ್ತರಿ ಕೈಗೆತ್ತಿಕೊಳ್ಳುತ್ತಾರೆ.

"ಬೇಡ ಸಾರ್" ಎಂದು ತಡೆಯುತ್ತಾರೆ ತಂತಿಯಕ್ಕ. "ಮೊದಲು ಪಕ್ಕದಲ್ಲಿರೋ ಕಾಲಿನ ನರ ಮುಟ್ಟಿ."

ಅದು ನರವೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಮುಟ್ಟುತ್ತಾರೆ. ಗೆರೆ ಅಲುಗುವುದಿಲ್ಲ.

ಇಷ್ಟು ಹೊತ್ತು ಸುಮ್ಮನಿದ್ದದ್ದು ದಾರವಲ್ಲ; ಯಂತ್ರಕ್ಕೇ ಕಿವುಡು.

ತಂತಿಯಕ್ಕ ಟಾರ್ಚ್ ಹಿಡಿದು ಹೊದಿಕೆಯಡಿ ನುಸುಳುತ್ತಾರೆ. ಸೂಜಿ ಚುಚ್ಚಿ ನೋಡಿದಾಗ ಎಲ್ಲವೂ ಸರಿಯಿತ್ತು. ಆಮೇಲೆ ಮಂಚ ಓರೆ ಮಾಡಿದಾಗ ತಂತಿಗಳೆಲ್ಲ ಸೇರುವ ಡಬ್ಬಿಯ ಪ್ಲಗ್ ಅರ್ಧ ಕಿತ್ತು ಬಂದಿದೆ. ಒತ್ತಿ ಕೂರಿಸುತ್ತಾರೆ. ಕಡ್ಡಿ ಮತ್ತೆ ದಾರಕ್ಕೆ ತಾಗಿದ್ದೇ ತಡ, ಪರದೆಯಲ್ಲಿ ಅಲೆ ಚಿಮ್ಮುತ್ತದೆ, ಹುಡುಗಿಯ ಎಡಗಾಲಿನ ಹೆಬ್ಬೆರಳು ಮಡಚಿಕೊಳ್ಳುತ್ತದೆ.

ದಾರದ ಬೆನ್ನಿಗೆ ಕೂದಲೆಳೆಯಂಥ ನರವೊಂದು ಅಂಟಿಕೊಂಡಿದೆ. ಸರ್ಜನ್ ಕತ್ತರಿಯನ್ನು ಮೆಲ್ಲಗೆ ಕೆಳಗಿಡುತ್ತಾರೆ.

"ತಪ್ಪು ನಂದು ಸಾರ್" ಎನ್ನುತ್ತಾರೆ ತಂತಿಯಕ್ಕ. "ಮಂಚ ಓರೆ ಮಾಡಿದ್ಮೇಲೆ ಇನ್ನೊಂದ್ಸಲ ನೋಡ್ಬೇಕಿತ್ತು."

ನರವನ್ನು ಬಿಡಿಸಿ ಪಕ್ಕಕ್ಕೆ ಸರಿಸಲು ಇಪ್ಪತ್ತು ನಿಮಿಷ. ಮತ್ತೆ ಕಡ್ಡಿ. ನರ ಮಾತಾಡುತ್ತದೆ, ದಾರ ಸುಮ್ಮನಿದೆ. ತಂತಿಯಕ್ಕ ಇನ್ನೊಮ್ಮೆ ಮಾಡಿಸುತ್ತಾರೆ, ಮತ್ತೊಮ್ಮೆ ಮಾಡಿಸುತ್ತಾರೆ. ಇಡೀ ಕೋಣೆ ಅವರ ಮುಖ ನೋಡುತ್ತಿದೆ.

"ಈಗ ಹಾಕಿ ಸಾರ್."

ಕತ್ತರಿ ಬೀಳುತ್ತದೆ. ಏಳು ವರ್ಷ ಜಗ್ಗಿದ ದಾರದ ಎರಡು ತುದಿಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ.