ಗಿಳಿಗೆ ಇಟ್ಟ ಅಣ್ಣನ ಹೆಸರು

ಅರುವತ್ತು ವರ್ಷಗಳಿಂದ ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆಗೆ ಅವರ ಅಪ್ಪ ತಮ್ಮ ಊರು ಅಜ್ಜಾವರದಿಂದ ಗಿಳಿಮರಿ ತಂದುಕೊಟ್ಟ ದಿನ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತಿಗೆ ಹೆಸರು ಯೋಚಿಸುವ ಮೊದಲೇ, ಅವರನ್ನು ಪೇಚಿಗೆ ಸಿಕ್ಕಿಸಲೆಂದು, "ಇದು ಚೆನ್ನಪ್ಪ!" ಎಂದು ಅಣ್ಣನ ಹೆಸರನ್ನೇ ಕೂಗಿದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು.

"ಗಂಡನ ಹೆಸರು ಹಿಡಿದು ನಾನು ಹೇಗೆ ಕರೆಯುದು ಮಾರಾಯಾ?" ಎಂದು ಅತ್ತಿಗೆಯೂ ನಕ್ಕರು.

ತಿಂಗಳೊಳಗೆ ಗಿಳಿ ಆ ಹೆಸರಿಗೆ ಮಾತ್ರ ಓಗೊಡತೊಡಗಿತು. ಒಂದು ಮಧ್ಯಾಹ್ನ ಗೂಡಿನಿಂದ ಹಾರಿ ಹಲಸಿನ ಮರದಲ್ಲಿ ಕುಳಿತಾಗ ಮನೆಯಲ್ಲಿದ್ದದ್ದು ಅತ್ತಿಗೆ ಒಬ್ಬರೇ. ಬಾಳೆಹಣ್ಣು ತೋರಿಸಿದರಂತೆ, ಚಪ್ಪಾಳೆ ತಟ್ಟಿದರಂತೆ; ಹೆಸರು ಮಾತ್ರ ಬಾಯಿಗೆ ಬರಲಿಲ್ಲವಂತೆ. ಗಿಳಿ ಹಾರಿಹೋಯಿತು.

ಖಾಲಿ ಗೂಡನ್ನು ಅಟ್ಟಕ್ಕೆ ಹಾಕುವಾಗಲೂ ಅವರು ನನಗೆ ಬೈಯಲಿಲ್ಲ. ತಪ್ಪಾಯಿತು ಎಂದು ನಾನು ಎಂದೂ ಹೇಳದೆ ಉಳಿದದ್ದು ಅವರಿಗೆ, ನನ್ನ ದೇವಕಿ ಅತ್ತಿಗೆಗೆ.