ಅಕ್ಕನಿಗೆ ಹೇಳದ ವರದಿ

ತೊಂಬತ್ತರ ದಶಕದ ಕೊನೆಯಲ್ಲಿ ಮಂಗಳೂರಿನಲ್ಲಿ ಅಕ್ಕನ ಎಡಗಡೆಯ ಸ್ತನವನ್ನು ತೆಗೆದರು. ಗಂಡನಿಲ್ಲದ ಅವಳು ಜಾವಳಿಯ ಹತ್ತಿರ ಐದೆಕರೆ ಕಾಫಿ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಾನು ಆಲ್ದೂರಿನ ಶಾಲೆಯಲ್ಲಿ ಟೀಚರ್. ಓದಿದವಳೆಂದು ಆಸ್ಪತ್ರೆಯ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು.

ಆಪರೇಷನ್ ವೇಳೆ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನೂ ಪರೀಕ್ಷೆಗೆ ತೆಗೆದಿದ್ದರು. ಎರಡು ವಾರದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿ ಹೇಳಿದರು: "ಮಜ್ಜೆಯಲ್ಲೂ ಕ್ಯಾನ್ಸರಿನ ಕೆಲವು ಕಣಗಳು ಸಿಕ್ಕಿವೆ. ಕಾಯಿಲೆ ಮತ್ತೆ ಬಂದೇ ಬರ್ತದೆ ಅಂತಲ್ಲ. ಆದ್ರೆ ಇಂಥವರಲ್ಲಿ ಬರೋ ಸಾಧ್ಯತೆ ಜಾಸ್ತಿ. ಐದು ವರ್ಷ ಗುಳಿಗೆ ತಪ್ಪಿಸ್ಬೇಡಿ."

ಹೊರಗೆ ಬಂದು ನಾನು ಅಕ್ಕನಿಗೆ ಹೇಳಿದ್ದು ಬೇರೆ. "ಮೂಳೆ ಚೊಕ್ಕ ಇದೆಯಂತೆ."

ಕಾಂಡಕೊರಕ ಹುಳ ಹೊಕ್ಕ ಕಾಫಿ ಗಿಡಗಳನ್ನು ಪತ್ತೆ ಹಚ್ಚುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಕಾಂಡ ಸವರುವಾಗ ಉಬ್ಬು ಕೈಗೆ ತಾಗಿದರೆ ಸಾಕು, ಎಲೆ ಹಸಿರಾಗಿದ್ದರೂ ಕಾಯಿ ತುಂಬಿದ್ದರೂ ಬೇರುಸಮೇತ ಕೀಳಿಸಿ ಸುಡಿಸುತ್ತಿದ್ದಳು. "ಒಳಗೆ ಹೊಕ್ಕಮೇಲೆ ಮುಗೀತು" ಎನ್ನುತ್ತಿದ್ದಳು. ಮಜ್ಜೆಯ ವಿಷಯ ತಿಳಿದರೆ ತನ್ನನ್ನೂ ಆ ಗಿಡಗಳ ಸಾಲಿಗೆ ಸೇರಿಸಿಕೊಂಡು ಔಷಧಿಯನ್ನೇ ಬಿಡುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ನನ್ನ ಬುದ್ಧಿವಂತಿಕೆಗಿಷ್ಟು ಬೆಂಕಿ ಬೀಳಲಿ.

ಆದದ್ದು ಉಲ್ಟಾ. ಮೂಳೆ ಚೊಕ್ಕವಿದೆಯೆಂಬ ಧೈರ್ಯದಲ್ಲಿ ಎರಡೇ ವರ್ಷಕ್ಕೆ ಗುಳಿಗೆ ನಿಲ್ಲಿಸಿದಳು. ಅದನ್ನು ನುಂಗಿದರೆ ಮೈಯೆಲ್ಲ ಬಿಸಿಯೇರುತ್ತದೆ, ಕೊಯ್ಲಿನ ಕೆಲಸಕ್ಕೆ ನಿಲ್ಲಲಾಗುವುದಿಲ್ಲ ಎಂಬುದು ಅವಳ ದೂರು. ನಾನು ರೇಗಿದೆ, ಜಗಳವಾಡಿದೆ. ನಿಜವನ್ನು ಮಾತ್ರ ಹೇಳಲಿಲ್ಲ, ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು.

ನಾಲ್ಕನೆಯ ವರ್ಷ ಅವಳಿಗೆ ಬೆನ್ನುನೋವು ಹಿಡಿಯಿತು. ಕಾಯಿಲೆ ಬೆನ್ನುಮೂಳೆಗೆ ಬಂದಿತ್ತು. ಡಾಕ್ಟರು ಹಳೆಯ ಫೈಲು ತೆರೆದು ಮಜ್ಜೆಯ ವರದಿಯನ್ನು ಅವಳೆದುರೇ ಓದಿದರು. ಗುಳಿಗೆ ಬಿಡದಿದ್ದರೆ ಇದು ಬರುತ್ತಿರಲಿಲ್ಲವೇ ಎಂದು ಕೇಳಿದೆ. ಹಾಗೆ ಖಚಿತವಾಗಿ ಹೇಳಲಾಗುವುದಿಲ್ಲ ಎಂದರು. ಆ ಮಾತಿನಿಂದ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಊರಿಗೆ ಮರಳುವ ಬಸ್ಸು ಚಾರ್ಮಾಡಿ ಘಾಟಿ ಹತ್ತಿ ಮುಗಿಸಿತು. ಕೊಟ್ಟಿಗೆಹಾರದಲ್ಲಿ ಎಲ್ಲರೂ ಕಾಫಿಗೆಂದು ಇಳಿದ ಮೇಲೆ ಅಕ್ಕ ಕೇಳಿದಳು.

"ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ನೀನು ಆಸೆ ಬಿಟ್ಟು ಔಷಧಿ ನಿಲ್ಲಿಸ್ತೀಯ ಅಂತ ಹೆದರಿದೆ."

"ಹೇಳಿದ್ರೆ ಒಂದು ದಿನಾನೂ ಬಿಡದೆ ನುಂಗ್ತಿದ್ದೆ ಮಾರಾಯ್ತಿ. ನಂಗೆ ಬದುಕ್ಬೇಕಿತ್ತು."

ಅವಳ ಕೈ ಹಿಡಿದುಕೊಳ್ಳಲು ಹೋದೆ. ಕೊಡಲಿಲ್ಲ.