ಮುಂದಿನ ಸಾಲಿನ ಸೋದರತ್ತೆ

ನಜರ್‌ಬಾದಿನ ಗರಡಿಯಿಂದ ಇವತ್ತು ಎಣ್ಣೆ ಬೆರೆಸಿದ ಕೆಮ್ಮಣ್ಣಿನ ವಾಸನೆ ಬಂದು, ಸೋದರತ್ತೆ ನೆನಪಾದಳು. ಹೆಂಗಸರು ಕುಸ್ತಿ ನೋಡುವುದೇ ನಾಚಿಕೆಗೇಡು ಎನ್ನುತ್ತಿದ್ದ ಕಾಲದಲ್ಲಿ ಆಕೆ ಮಲ್ಲಿಗೆ ಮುಡಿದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಒಂದು ದಸರಾದಲ್ಲಿ ನನ್ನನ್ನೂ ಕರೆದೊಯ್ದಳು. ನಮ್ಮ ಬೀದಿಯ ಪೈಲ್ವಾನ ಸೋಲುವಂತಿದ್ದ. ಅವನ ಪರ ಕೂಗಬೇಕೆನಿಸಿದರೂ ನನ್ನ ಬಾಯಿ ಕಟ್ಟಿತ್ತು.

"ಕೂಗೇ!" ಎಂದಳು ಅತ್ತೆ.

"ಎಲ್ಲಾ ನನ್ನೇ ನೋಡ್ತಾರೆ ಅತ್ತೆ."

"ನೋಡ್ಲಿ ಬುಡು. ಟಿಕೇಟ್ ತಗೊಂಡು ನೋಡಕ್ಕೇ ತಾನೇ ಬಂದಿರೋದು!"

ನನಗೆ ನಗು ಬಂತು. ಅದರ ಹಿಂದೆಯೇ ಕೂಗೂ ಬಂತು. "ಬುಡ್ಬೇಡ ಕಣಣ್ಣೋ!"

ಗಂಡಸರೆಲ್ಲ ತಿರುಗಿ ನೋಡಿದರು. ನಾನು ಎದ್ದು ನಿಂತು ಇನ್ನೂ ಜೋರಾಗಿ ಕೂಗಿದೆ. ಪೈಲ್ವಾನ ಸೋತ. ನಾನು ಮಾತ್ರ ಗೆದ್ದವಳ ಗತ್ತಿನಲ್ಲಿ ಮನೆಗೆ ಬಂದೆ.

ಇವತ್ತು ಗರಡಿಯ ಬಾಗಿಲಲ್ಲಿ ಇಣುಕಿದಾಗ ಒಬ್ಬರು, "ಯಾರು ಬೇಕಿತ್ತಮ್ಮ?" ಎಂದರು.

"ಯಾರೂ ಬೇಡ. ಕುಸ್ತಿ ನೋಡ್ಬೇಕು," ಎಂದೆ.